ನಾಗನ ಮೊಟ್ಟೆಗೆ ಕೋಳಿಯ ಶಾಖ

ಸಂಪಾಜೆ

ನಾನು ಪರದೇಶಕ್ಕೆ ಹೋದದ್ದು ಜೀವನದಲ್ಲಿ ಒಂದೇ ಸಲ, ಅದೂ ಬಸ್ಸಿನಲ್ಲಿ. ನಗಬೇಡಿ. ಆಗಿನ್ನೂ ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿರಲಿಲ್ಲ. ನಮ್ಮದು ಮೈಸೂರು. ಅದನ್ನು ದಾಟಿದರೆ ಕೊಡಗು, ಅದೊಂದು ಬೇರೆಯೇ ರಾಜ್ಯ. ಕೊಡಗಿನ ಘಟ್ಟ ಇಳಿದರೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ. ಒಂದೇ ಹಗಲಿನಲ್ಲಿ ಮೂರು ಸರ್ಕಾರಗಳ ನೆಲ ತುಳಿದವನು ನಾನು. ತಿಪಟೂರಿನ ನಮ್ಮ ಬೀದಿಯಲ್ಲಿ ಅಷ್ಟು ದೂರ ಹೋಗಿಬಂದವರು ಬೇರೆ ಯಾರೂ ಇರಲಿಲ್ಲ.

ನನ್ನ ಉದ್ಯೋಗ ಕೋಳಿ ಸಾಕಣೆ ಕಲಿಸುವುದು. ಸೀಮೆಎಣ್ಣೆ ದೀಪದ ಶಾಖದಲ್ಲಿ ಮೊಟ್ಟೆಯನ್ನು ಮರಿ ಮಾಡುವ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಮೈಸೂರಿನ ಸುತ್ತಲಿನ ಹಳ್ಳಿಗಳಲ್ಲಿ ತಿರುಗುತ್ತಿದ್ದೆ. ಜನ ‘ಕೋಳಿ ಮೇಷ್ಟ್ರು’ ಅನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಕಾಳುಮೆಣಸಿನ ವ್ಯಾಪಾರಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ನನ್ನ ಜೊತೆ ತರಬೇತಿ ಪಡೆದು ಊರಿಗೆ ಮರಳಿದ್ದ ಮೋನಪ್ಪ ಗೌಡ ಅವನ ಬಾಯಲ್ಲಿ ಹೇಳಿಕಳಿಸಿದ್ದ.

“ಮೊಟ್ಟೆ ಉಂಟಂತೆ. ತಾಯಿ ಸತ್ತುಹೋಯ್ತಂತೆ. ಪೆಟ್ಟಿಗೆ ಕಟ್ಟಿಕೊಡ್ಲಿಕ್ಕೆ ನೀವೇ ಆಗಬೇಕಂತೆ. ಕೂಡಲೇ ಹೊರಡಿ ಮಾರಾಯ್ರೆ, ಅವ ತುಂಬ ಹೆದರಿದ್ದಾನೆ.”

ಮೊಟ್ಟೆ ಹಾಳಾಗುತ್ತದೆಂದು ಯಾರಾದರೂ ಹೆದರುತ್ತಾರೆಯೇ ಎಂದು ನನಗೆ ನಗು ಬಂತು. ಯಾವುದರ ಮೊಟ್ಟೆ ಎಂದು ಕೇಳಬೇಕೆಂದು ತೋಚಲೇ ಇಲ್ಲ. ಕೋಳಿ ಮೇಷ್ಟ್ರಿಗೆ ಮೊಟ್ಟೆ ಅಂದರೆ ಕೋಳಿಯದು, ಹೆಚ್ಚೆಂದರೆ ಬಾತುಕೋಳಿಯದು. ಪೆಟ್ಟಿಗೆ ಸರ್ಕಾರದ್ದು, ಅದನ್ನು ಬಿಟ್ಟು ರಜೆ ಹಾಕಿ ಹೊರಟುಬಿಟ್ಟೆ.

ಸಂಪಾಜೆಯ ಗೇಟಿನಲ್ಲಿ ಬಸ್ಸು ನಿಲ್ಲಿಸಿದರು. ಮದ್ರಾಸಿನಲ್ಲಿ ಪಾನನಿರೋಧ ಇದ್ದ ಕಾಲ ಅದು, ಘಟ್ಟ ಇಳಿದು ಬಂದವರ ಗಂಟನ್ನೆಲ್ಲ ಮೂಸಿ ನೋಡುತ್ತಿದ್ದರು. ನನ್ನ ಚೀಲದಲ್ಲಿ ಹತ್ತಿ ಸುತ್ತಿದ ಶಾಖಮಾಪಕ ಸಿಕ್ಕಿತು.

“ಇದೆಂತ?” ಅಂದ ಪೊಲೀಸಿನವನು.

“ಶಾಖ ನೋಡೋದು ಸ್ವಾಮಿ.”

“ಯಾರಿಗೆ ಜ್ವರ?”

“ಮೊಟ್ಟೆಗೆ.”

ಬಸ್ಸಿಗೆ ಬಸ್ಸೇ ನಕ್ಕಿತು. ಆದರೆ ಶಾಖಮಾಪಕದ ಕೊಳವೆ ಒರೆಸಲು ಇಟ್ಟುಕೊಂಡಿದ್ದ ಸ್ಪಿರಿಟ್ಟಿನ ಸಣ್ಣ ಸೀಸೆಯನ್ನು ಮಾತ್ರ ಅವನು ಹಿಂದಕ್ಕೆ ಕೊಡಲಿಲ್ಲ. ಪರದೇಶ ಅಂದರೆ ಹೀಗೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸುಳ್ಯ

ಮೋನಪ್ಪ ಬಸ್ಸಿನ ಹತ್ತಿರವೇ ಕಾದಿದ್ದ. ತರಬೇತಿಯ ದಿನಗಳಲ್ಲಿ ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಈಗ ಗಡ್ಡ ಬಿಟ್ಟು, ಕಣ್ಣು ಗುಳಿಬಿದ್ದು, ಬೇರೆಯವನಂತೆ ಕಂಡ. ಊಟಕ್ಕೆ ಹೋಟೆಲಿಗೆ ಕರೆದುಕೊಂಡು ಹೋದ. ಅಲ್ಲಿಯ ಕೆಂಪು ಕುಸುಬಲಕ್ಕಿ ಅನ್ನದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಅದನ್ನು ಮುದ್ದೆಯಂತೆ ನುಂಗಲೂ ಬರುವುದಿಲ್ಲ, ನಮ್ಮ ಅನ್ನದಂತೆ ಕಲಸಲೂ ಬರುವುದಿಲ್ಲ. ಒಂದೊಂದು ಅಗುಳನ್ನೂ ಬೇರೆಬೇರೆಯಾಗಿ ಮಾತಾಡಿಸಬೇಕು.

ಅನ್ನಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ಭಾಷೆ. ಮೋನಪ್ಪ ಹೋಟೆಲಿನವರ ಜೊತೆ ತುಳುವಿನಲ್ಲಿ ಮಾತಾಡಿದ, ಜಾಲ್ಸೂರಿನಿಂದ ಬಂದ ಬಸ್ಸಿನ ಡ್ರೈವರನ ಜೊತೆ ಮಲೆಯಾಳದಲ್ಲಿ, ಎದುರು ಕೂತ ನೆಂಟನ ಜೊತೆ ತನ್ನ ಮನೆಮಾತು ಅರೆಭಾಷೆಯಲ್ಲಿ. ನನ್ನ ಕಡೆ ತಿರುಗಿದಾಗ ಮಾತ್ರ ಪುಸ್ತಕದಲ್ಲಿ ಅಚ್ಚು ಹಾಕಿದಂಥ ಕನ್ನಡ. ಆ ಮೂರು ಭಾಷೆಗಳಲ್ಲೂ ಮಾತು ಮುಗಿಯುವಾಗ ಎಲ್ಲರೂ ಒಮ್ಮೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಬಲಿಗೆ ತಂದ ಕುರಿಯನ್ನು ನಾವೂ ಹಾಗೇ ನೋಡುತ್ತೇವೆ.

“ಏನೋ ಮೋನಪ್ಪ, ಯಾವ ತಳಿಯ ಕೋಳಿ?” ಅಂದೆ.

“ಮನೆಗೆ ಹೋಗಿ ಹೇಳ್ತೇನೆ ಮಾರಾಯ. ಮೊದಲು ಊಟ ಮಾಡು,” ಅಂದ. ಅವನ ಎಲೆಯಲ್ಲಿ ಬಡಿಸಿದ ಅನ್ನ ಬಡಿಸಿದ ಹಾಗೇ ಇತ್ತು.

ಕಡಬದ ದಾರಿಯ ಮನೆ

ಸುಳ್ಯದಿಂದ ಕಡಬದ ಕಡೆ ಎತ್ತಿನ ಗಾಡಿಯಲ್ಲಿ ಹೋಗಿ, ಗೇರುಗುಡ್ಡೆಯೊಂದನ್ನು ನಡೆದು ಹತ್ತಿದ ಮೇಲೆ ಅವನ ಮನೆ. ಅಂಗಳದಲ್ಲಿ ಅವನ ತಾಯಿ ಪೂವಮ್ಮ ಕೂತಿದ್ದರು. ಬಾಗಿಲ ಹಿಂದೆ ಅವನ ಹೆಂಡತಿ ದೇವಕಿ, ತುಂಬು ಬಸುರಿ. ಕಾಲು ತೊಳೆಯಲು ನೀರು ಕೊಟ್ಟರು, ಬೆಲ್ಲ ಕೊಟ್ಟರು, ಆದರೆ ಯಾರೂ ನಗಲಿಲ್ಲ.

ಸೌದೆ ಇಡುವ ಚಾವಡಿಯಲ್ಲಿ ಒಂದು ಬುಟ್ಟಿ. ಮೋನಪ್ಪ ಮೇಲಿನ ಬಟ್ಟೆ ಸರಿಸಿದ. ಒಣ ಎಲೆಗಳ ನಡುವೆ ಹದಿನಾಲ್ಕು ಬಿಳಿ ಮೊಟ್ಟೆಗಳು, ಉದ್ದುದ್ದ, ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ನಿಂತಿದ್ದವು. ಸುಣ್ಣದ ಚಿಪ್ಪಿಲ್ಲ. ಬೆರಳಿಟ್ಟರೆ ಹದ ಮಾಡಿದ ತೊಗಲಿನ ಹಾಗೆ ಮೆತ್ತಗೆ. ನಾನು ಒಂದನ್ನು ಒತ್ತಿ ನೋಡುತ್ತ, “ಬಾತುಕೋಳಿಯದಲ್ಲವಲ್ಲೋ,” ಅಂದೆ.

“ಅಲ್ಲ. ನಾಗನದು,” ಅಂದ ಮೋನಪ್ಪ.

ಆಮೇಲೆ ನನಗೆ ನೆನಪಿರುವುದು ನಾನು ಅಂಗಳದಲ್ಲಿ ನಿಂತು ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದುದು. ನಾಗರಹಾವಿನ ಹೆಸರು ಎತ್ತಿದರೆ ಕಾಲು ಮೇಲೆ ಎಳೆದುಕೊಳ್ಳುವ ಮನುಷ್ಯ ನಾನು. ಹದಿನಾಲ್ಕು ನಾಗರಹಾವುಗಳನ್ನು ಕೈಯಾರೆ ಹುಟ್ಟಿಸಲು ಎರಡು ಗಡಿ ದಾಟಿ ಬಂದಿದ್ದೆ.

ನಡೆದದ್ದು ಇಷ್ಟು. ಆ ಹೆಣ್ಣು ನಾಗ ಕೆಲವು ವರ್ಷಗಳಿಂದ ಕೊಟ್ಟಿಗೆಯ ಹಿಂದಿನ ಸೊಪ್ಪಿನ ರಾಶಿಯಲ್ಲೇ ವಾಸ. ಅದನ್ನು ಇವರು ಸಾಕಿದ್ದರು ಅಂದರೂ ತಪ್ಪಿಲ್ಲ.

“ನಮ್ಮದೇ ಅಂತ ಲೆಕ್ಕ,” ಅಂದ ಮೋನಪ್ಪ. “ಅಮ್ಮ ಹಾಲು ಕರೆಯಲಿಕ್ಕೆ ಹೋಗುವಾಗ ‘ದಾರಿ ಬಿಡು ಮಗಾ’ ಅಂದ್ರೆ ಸರಿದು ಹೋಗ್ತಿತ್ತು. ಅಲ್ಲಿ ಮೊಟ್ಟೆ ಇಟ್ಟದ್ದು ನನಗೆ ಗೊತ್ತಿಲ್ಲ. ಗದ್ದೆಗೆ ಗೊಬ್ಬರ ತೆಗೀಲಿಕ್ಕೆ ಹಾರೆ ಹಾಕಿದೆ. ಅದು ಮೊಟ್ಟೆಯ ಮೇಲೆ ಸುತ್ತಿ ಕೂತಿತ್ತು ಮಾರಾಯ. ಓಡಲೇ ಇಲ್ಲ.”

ನಮ್ಮ ಕಡೆ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುತ್ತೇವೆ, ಮಾರನೆಯ ದಿನ ಅದೇ ಹಾವು ಹಿತ್ತಲಿಗೆ ಬಂದರೆ ದೊಣ್ಣೆ ಹುಡುಕುತ್ತೇವೆ. ಇಲ್ಲಿ ಹಾಗಲ್ಲ. ಸತ್ತ ನಾಗನಿಗೆ ಚಿತೆ ಇಟ್ಟು, ಮನೆಯವರು ತೀರಿಕೊಂಡ ಹಾಗೆ ಸೂತಕ ಹಿಡಿದು, ಎಲ್ಲ ಕ್ರಿಯೆ ಮಾಡಿಸಿದ್ದರು. ಕ್ರಿಯೆ ಮಾಡಿಸಿದ ಭಟ್ಟರು ರಾಮಕುಂಜದ ಕಡೆಯವರು. ಮೊಟ್ಟೆಗೆ ಏನು ಮಾಡುವುದು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: “ಸತ್ತದ್ದಕ್ಕೆ ವಿಧಿ ಉಂಟು. ಬದುಕಿದ್ದಕ್ಕೆ ವಿಧಿ ಇಲ್ಲ, ಅದನ್ನು ಉಳಿಸಿಕೊಳ್ಳುದು.”

ದೇವಕಿಗೆ ಹಿಂದೆ ಎರಡು ಸಲ ಗರ್ಭ ನಿಂತು, ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡು ಸಲವೂ ಪೂವಮ್ಮನೇ ಬಟ್ಟೆಯಲ್ಲಿ ಸುತ್ತಿ ಹೊರಗೆ ತೆಗೆದುಕೊಂಡು ಹೋಗಿದ್ದರಂತೆ. ನಾಗನ ಮುನಿಸು ಎಂದು ಪೂವಮ್ಮ ಆಗಲೇ ಹೇಳಿದ್ದರಂತೆ. ಈಗ ಮೂರನೆಯದು ಹೊಟ್ಟೆಯಲ್ಲಿರುವಾಗ ಗಂಡನ ಕೈಯಿಂದಲೇ ಬಾಣಂತಿ ನಾಗ ಸತ್ತಿತ್ತು. ಪೂವಮ್ಮ ನನಗೆ ನೇರವಾಗಿ ಹೇಳಿದರು: “ಅವು ಬದುಕಿದ್ರೆ ಇವಳದ್ದೂ ಬದುಕ್ತದೆ. ಇಲ್ಲದಿದ್ರೆ ಇಲ್ಲ.” ದೇವಕಿ ಅಲ್ಲೇ ನಿಂತು ಕೇಳುತ್ತಿದ್ದಳು.

ಹೀಗಾಗಿ ಆ ಮನೆಯಲ್ಲಿ ಎರಡು ಭಯಗಳಿದ್ದವು. ಮೊಟ್ಟೆ ಒಡೆಯದೆ ಹೋದರೆ ಎಂಬುದು ಅವರದು. ಒಡೆದರೆ ಎಂಬುದು ನನ್ನದು.

ಪುತ್ತೂರು

ಮಾರನೆಯ ದಿನ ಗಾಜು, ದೀಪ, ಬತ್ತಿ ತರಲು ಪುತ್ತೂರಿಗೆ ಹೋದೆವು. ಅಂಗಡಿಯವನು ಯಾಕೆಂದು ಕೇಳಿದ. ಕೋಳಿಮರಿಗೆ ಅಂದ ಮೋನಪ್ಪ. ವಾಪಸು ಬರುವಾಗ ಬಸ್ಸಿನಲ್ಲಿ ಬೆಟ್ಟಂಪಾಡಿಯ ಮುದುಕರೊಬ್ಬರು ನನ್ನ ತೊಡೆಯ ಮೇಲಿದ್ದ ಗಾಜನ್ನೂ ದೀಪವನ್ನೂ ಬಹಳ ಹೊತ್ತು ನೋಡಿ, “ನಮ್ಮಲ್ಲಿ ಮರಿ ಮಾಡ್ಲಿಕ್ಕೆ ಕೋಳಿಯೇ ಕೂರುದು ಮಾರಾಯ್ರೆ. ನಿಮ್ಮಲ್ಲಿ ಅದಕ್ಕೆ ಪುರುಸೊತ್ತಿಲ್ವಾ?” ಅಂದರು. ಬೇರೆ ದಿನವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಅಂದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಪುತ್ತೂರಿನಲ್ಲೇ ಮೈಸೂರಿನ ಕಡೆ ಹೋಗುವ ಬಸ್ಸು ಕಣ್ಣೆದುರು ನಿಂತಿದ್ದರೂ ಹತ್ತಲಾಗಲಿಲ್ಲ, ಯಾಕೆಂದರೆ ಮೋನಪ್ಪ ನನ್ನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಿದ್ದ.

ಪೆಟ್ಟಿಗೆ ಕಟ್ಟುವಾಗ ಮಾತ್ರ ಹೆದರಿಕೆ ಮರೆತೆ, ಅದು ಬಲ್ಲ ಕೆಲಸ. ಮನೆಯಲ್ಲಿದ್ದ ಹಳೆಯ ಮರದ ಪೆಟಾರಿ ತೆಗೆದುಕೊಂಡೆ. ಅದರೊಳಗೆ ಒಂದು ಬದಿ ಕತ್ತರಿಸಿದ ಸೀಮೆಎಣ್ಣೆ ಡಬ್ಬ. ಶಾಖ ಹೊರಗೆ ಹೋಗದ ಹಾಗೆ ಡಬ್ಬಕ್ಕೂ ಪೆಟಾರಿಗೂ ನಡುವೆ ಭತ್ತದ ಹೊಟ್ಟು. ಪೆಟಾರಿಯ ತಳದಲ್ಲಿ ಕೊರೆದ ತೂತಿನ ಕೆಳಗೆ ದೀಪ, ಮೇಲೆ ಗಾಜಿನ ಮುಚ್ಚಳ. ಡಬ್ಬದ ತಳದಲ್ಲಿ ಮರಳು, ಮರಳಿನ ಮೇಲೆ ಎಲೆ, ಮೂಲೆಯಲ್ಲೊಂದು ತೆಂಗಿನ ಚಿಪ್ಪಿನಲ್ಲಿ ನೀರು. ಮೊಟ್ಟೆಯ ಗೊಂಚಲನ್ನು ಎತ್ತಿ ಒಳಗಿಟ್ಟದ್ದು ಮೋನಪ್ಪ.

ಕೋಳಿಮೊಟ್ಟೆಯನ್ನು ದಿನಾ ಮಗುಚಿಡಬೇಕು, ಇಲ್ಲವಾದರೆ ಮರಿ ಒಳಗೇ ಅಂಟಿಕೊಳ್ಳುತ್ತದೆ. ಇದು ನಮ್ಮ ಪಾಠದ ಮೊದಲನೆಯ ಮಾತು. ನಾನು ಉಸಿರು ಬಿಗಿಹಿಡಿದು, ಗೊಂಚಲಿನಿಂದ ಒಂದು ಮೊಟ್ಟೆಯನ್ನು ಬಿಡಿಸಲು ಇಕ್ಕಳ ತೆಗೆದುಕೊಂಡೆ.

“ಎಂತ ಮಾಡುದು?” ಬಾಗಿಲಿನಿಂದ ದೇವಕಿಯ ದನಿ.

“ಬಿಡಿಸಿ ತಿರುಗಿಸಿಡಬೇಕಮ್ಮ.”

“ಅದರ ತಾಯಿ ತಿರುಗಿಸ್ತಿತ್ತಾ? ಅದಕ್ಕೆ ಕೈ ಉಂಟಾ?”

ನಾನು ಇಕ್ಕಳ ಕೆಳಗಿಟ್ಟೆ. ಆಮೇಲೆ ಚಾವಡಿಯ ಬಾಗಿಲು ಮುಚ್ಚಿ ಕತ್ತಲೆ ಮಾಡಿ, ಗೊಂಚಲಿನ ಸುತ್ತ ಒಂದೊಂದು ಮೊಟ್ಟೆಯ ಹಿಂದೆಯೂ ಟಾರ್ಚು ಹಿಡಿದೆ. ಜೀವ ಇದೆಯೋ ಇಲ್ಲವೋ ನೋಡುವ ಕ್ರಮ ಅದು. ಮೊಟ್ಟೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು, ಒಳಗೆ ಕೆಂಪು ನರಗಳು ಕಂಡವು. ಒಂದರಲ್ಲಿ ಸುರುಳಿಯೊಂದು ನಿಧಾನವಾಗಿ ಮಗ್ಗುಲು ಬದಲಿಸಿತು. ನಾನು ಟಾರ್ಚನ್ನು ಇನ್ನಷ್ಟು ದೂರಕ್ಕೆ ಹಿಡಿದೆ. ಹದಿನಾಲ್ಕರಲ್ಲೂ ಜೀವವಿತ್ತು. ದೇವಕಿ ಹತ್ತಿರ ಬಂದು, ಬಗ್ಗಿ, ಒಂದೊಂದನ್ನೂ ನೋಡಿದಳು.

“ಮನುಷ್ಯರದ್ದನ್ನು ಹೀಗೆ ನೋಡ್ಲಿಕ್ಕಾಗುದಿಲ್ವಾ?” ಅಂದಳು.

ಆಗುವುದಿಲ್ಲ ಅಂದೆ. ಆ ಕಾಲದಲ್ಲಿ ಹಾಗೆ ನೋಡುವ ಯಂತ್ರ ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಸೊಪ್ಪಿನ ರಾಶಿ

ಬೆಳಿಗ್ಗೆ ಎದ್ದು ನೋಡಿದರೆ ಮೊಟ್ಟೆಗಳು ಕುಗ್ಗಿದ್ದವು. ನಿನ್ನೆ ಬಿಗಿಯಾಗಿದ್ದ ಚರ್ಮದ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಗುಳಿಗಳು. ಶಾಖಮಾಪಕ ನೂರು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನಾನು ಇಟ್ಟ ಹಾಗೇ, ಕೋಳಿಗೆ ಬೇಕಾದಷ್ಟು.

ಪೂವಮ್ಮ ನೋಡಿದವರೇ ಸೊಸೆಯ ಕಡೆ ತಿರುಗಿದರು. “ನಿನ್ನ ದೃಷ್ಟಿ ಬಿದ್ದದ್ದು. ಎರಡು ಕಳೆದುಕೊಂಡವಳು ಬಗ್ಗಿ ಬಗ್ಗಿ ನೋಡುದು ಬೇಡ ಅಂದೆ, ಕೇಳಿದಿಯಾ?”

ದೇವಕಿ ಸೆರಗು ಎಳೆದುಕೊಂಡು ಒಳಗೆ ಹೋದಳು. ಆ ಮಾತು ಅವಳಿಗೆ ಹೊಸದಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ನನಗೆ ಸಿಟ್ಟು ಬಂತು.

“ದೃಷ್ಟಿ ಅಲ್ಲಮ್ಮ, ಶಾಖ ಜಾಸ್ತಿಯಾಗಿದೆ. ನನ್ನ ಲೆಕ್ಕವೇ ತಪ್ಪಿದೆ,” ಅಂದೆ.

ಎಷ್ಟು ಬೇಕು ಎಂದು ಯಾರನ್ನು ಕೇಳುವುದು? ಗೊತ್ತಿದ್ದ ತಾಯಿ ಚಿತೆ ಏರಿತ್ತು. ಉಳಿದದ್ದು ಅದು ಕೂತಿದ್ದ ಜಾಗ ಒಂದೇ. ಅಲ್ಲಿ ಶಾಖಮಾಪಕ ಹುಗಿದು ನೋಡಬೇಕು ಎಂದು ನಾನೇ ಬಾಯಿ ಬಿಟ್ಟೆ. ಬಿಟ್ಟ ಮೇಲೆ ನಾಲಗೆ ಕಚ್ಚಿಕೊಂಡೆ, ಏಕೆಂದರೆ ಆ ರಾಶಿಯ ಹತ್ತಿರ ಹೋಗಲು ಮೋನಪ್ಪನಿಗೆ ಕಾಲೇ ಬರುತ್ತಿರಲಿಲ್ಲ. ಅವನ ಹಾರೆ ಇನ್ನೂ ಅಲ್ಲೇ ಬಿದ್ದಿತ್ತು.

“ಅದರ ಗಂಡು ಅಲ್ಲಿ ಇರಬಹುದಾ?” ಅಂದೆ.

“ಇದ್ರೂ ಇರ್ಬಹುದು ಮಾರಾಯ. ಹೇಳ್ಲಿಕ್ಕೆ ಬರುದಿಲ್ಲ.”

ಹೆಡೆ ಬಿಚ್ಚಿದ ಹಾವಿನ ಬಾಯಿಗೆ ಕೈ ಕೊಡುವವನ ಹಾಗೆ, ಶಾಖಮಾಪಕ ಹಿಡಿದ ಕೈಯನ್ನು ಮುಂಗೈಯವರೆಗೆ ಆ ಸೊಪ್ಪಿನೊಳಗೆ ತೂರಿಸಿದೆ. ಒಳಗೆ ತೇವ, ಹಿತವಾದ ಬಿಸುಪು. ಏನೋ ಬೆರಳಿಗೆ ತಗಲಿತು. ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಂತವು. ಅದು ಮಾವಿನ ಬೇರು. ಆದರೂ ಕೈ ಹೊರಗೆ ತೆಗೆಯಲಿಲ್ಲ, ಧೈರ್ಯದಿಂದಲ್ಲ, ತೋಳು ಮರಗಟ್ಟಿಹೋಗಿತ್ತು. ಕೊಳವೆ ತೆಗೆದು ನೋಡಿದರೆ ಎಂಬತ್ತನಾಲ್ಕು.

ಅಷ್ಟು ಶಾಖ ಆ ಸೀಮೆಯ ಬೇಸಿಗೆಯಲ್ಲಿ ಸುಮ್ಮನೆ ಸಿಗುತ್ತದೆ. ದೀಪ ಆರಿಸಿದೆ, ರಾಶಿಯ ತೇವದ ಸೊಪ್ಪನ್ನೇ ತಂದು ಮೊಟ್ಟೆಯ ಸುತ್ತ ತುಂಬಿಸಿದೆ, ಬೆಳಗಿನ ತಂಪಿನಲ್ಲಿ ಮಾತ್ರ ಬತ್ತಿ ಹಚ್ಚುವುದೆಂದು ಮಾಡಿಕೊಂಡೆ. ನಿಧಾನವಾಗಿ ಗುಳಿಗಳು ತುಂಬಿಕೊಂಡವು. ಎಲ್ಲವೂ ತುಂಬಿಕೊಂಡವೋ ಇಲ್ಲವೋ, ಸೊಪ್ಪು ತುಂಬಿದ ಮೇಲೆ ಗೊಂಚಲಿನ ಒಳಗಿನವು ಕಾಣುತ್ತಿರಲಿಲ್ಲ.

ಇಷ್ಟರಲ್ಲಿ ನನ್ನ ಪೆಟ್ಟಿಗೆ ದೇವರಾಗಿತ್ತು. ಅರಸಿನದ ಬೊಟ್ಟು ಬಿತ್ತು, ಹೂವು ಬಂತು, ಎದುರಿಗೆ ರಂಗೋಲಿ ಬಂತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಪೂವಮ್ಮ ಗಾಜಿನ ಮೇಲೆ ಒಂದು ಚೊಂಬು ಹಾಲು ಸುರಿದಿದ್ದರು. ಬತ್ತಿ ಚುಂಯ್ ಅಂದು ಆರಿತ್ತು, ಭತ್ತದ ಹೊಟ್ಟು ಪೂರ್ತಿ ನೆನೆದಿತ್ತು. ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟಿದೆ. ಬೈಯಲು ಬಾಯಿ ಬರಲಿಲ್ಲ. ನಾನೇ ಚಪ್ಪಲಿ ಬಿಟ್ಟು ಒಳಗೆ ಹೋಗಲು ಶುರುಮಾಡಿ ಎಷ್ಟೋ ದಿನವಾಗಿತ್ತು.

ಕೋಳಿಯದಾದರೆ ಇಪ್ಪತ್ತೊಂದನೆಯ ದಿನ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಇವನ್ನು ಇಟ್ಟ ದಿನ ಯಾರಿಗೂ ಗೊತ್ತಿಲ್ಲ. ಯಾವ ಹೊತ್ತಿಗಾದರೂ ಹೊರಬರಬಹುದು. ದಿನಾ ಗಾಜಿನ ಹತ್ತಿರ ಹೋಗಿ ಇಣುಕುತ್ತಿದ್ದೆ, ಏನೂ ಆಗಿಲ್ಲವೆಂದು ಕಂಡರೆ ನನಗೆ ನಿರಾಳ, ಹಿಂದೆ ನಿಂತ ಮೋನಪ್ಪನಿಗೆ ನಿಟ್ಟುಸಿರು.

ಬನ

ರಜೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ದೇವಕಿ ಕರೆದಳು, “ಬನ್ನಿ, ಬೇಗ ಬನ್ನಿ!”

ಒಂದು ಮೊಟ್ಟೆಯ ಮೇಲೆ ಬ್ಲೇಡಿನಿಂದ ಗೀರಿದಂತೆ ಸೀಳು. ಸೀಳಿನಿಂದ ಪುಟ್ಟ ಮೂತಿ ಹೊರಗಿಣುಕಿ, ಎರಡು ಕರಿಯ ಕಣ್ಣುಗಳು ನಮ್ಮನ್ನು ನೋಡುತ್ತಿದ್ದವು. ಸಂಜೆಗೆ ಇನ್ನೂ ನಾಲ್ಕು ಮೂತಿಗಳು. ಮರುದಿನದ ಹೊತ್ತಿಗೆ ಹನ್ನೊಂದು ಮರಿಗಳು ಎಲೆಗಳ ನಡುವೆ ಹರಿದಾಡುತ್ತಿದ್ದವು. ನಾನು ಗಾಜಿನ ಮೇಲೆ ಬಗ್ಗಿದೊಡನೆ ಬೆರಳಿನಷ್ಟು ದಪ್ಪವೂ ಇಲ್ಲದ ಒಂದು ಮರಿ ಎದ್ದು ನಿಂತು ಹೆಡೆ ಬಿಚ್ಚಿತು. ಹುಟ್ಟಿದ ದಿನವೇ ಅದಕ್ಕೆ ವಿಷವೂ ಇರುತ್ತದೆ, ಸಿಟ್ಟೂ ಇರುತ್ತದೆ.

ಅವನ್ನು ಗುಡ್ಡೆಯ ಬುಡದ ನಾಗಬನದಲ್ಲಿ ಬಿಡಬೇಕು. ಡಬ್ಬವನ್ನು ಒಬ್ಬನೇ ಹೊರಲು ಮೋನಪ್ಪ ಒಪ್ಪಲಿಲ್ಲ. ಡಬ್ಬಕ್ಕೆ ಹಗ್ಗ ಕಟ್ಟಿ ಬಿದಿರಿಗೆ ತೂಗುಹಾಕಿ, ಒಂದು ತುದಿ ಅವನ ಹೆಗಲಿಗೆ, ಒಂದು ತುದಿ ನನ್ನ ಹೆಗಲಿಗೆ. ನಡೆಯುವಾಗ ಒಳಗಿನಿಂದ ಸಣ್ಣಗೆ ಬುಸ್ ಎಂಬ ಸದ್ದು. ಬನದ ಕಲ್ಲುಕಟ್ಟೆ ಬಂದಾಗ ಮೋನಪ್ಪ ನಿಂತು, “ಚಪ್ಪಲಿ,” ಅಂದ.

ಹನ್ನೊಂದು ನಾಗರಹಾವು ಬಿಡುವ ಜಾಗಕ್ಕೆ ಬರಿಗಾಲಿನಲ್ಲಿ! ತಿಪಟೂರಿನ ದೇವರನ್ನೆಲ್ಲ ಒಮ್ಮೆಲೇ ನೆನೆದೆ. ಚಪ್ಪಲಿ ಬಿಟ್ಟೆ. ಒಣ ಎಲೆಯ ಮೇಲೆ ಡಬ್ಬ ಇಳಿಸಿ, ಗಾಜು ಸರಿಸಿ, ಡಬ್ಬವನ್ನು ಮಗ್ಗುಲಿಗೆ ಮಲಗಿಸಿದೆವು. ಅವು ಒಂದೊಂದಾಗಿ ಹೊರಟವು. ಒಂದು ಮರಿ ನನ್ನ ಹೆಬ್ಬೆರಳ ಮುಂದೆ ಬಂದು ನಾಲಗೆ ಚಾಚಿ ನೋಡಿತು. ನಾನು ಉಸಿರಾಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಜೀವಂತ ಇದ್ದೇನೆಂದು ಅದಕ್ಕೆ ಗೊತ್ತಾಗದಿರಲೆಂದು ಬೇಡಿಕೊಂಡೆ. ಅದು ಪಾದವನ್ನು ಬಳಸಿಕೊಂಡು ಬೇರುಗಳ ನಡುವೆ ಹೋಯಿತು. ಮೋನಪ್ಪ ನೆಲಕ್ಕೆ ಹಣೆ ಹಚ್ಚಿ ಅತ್ತ.

ಡಬ್ಬದಲ್ಲಿ ಮೂರು ಮೊಟ್ಟೆ ಉಳಿದಿದ್ದವು. ಗೊಂಚಲಿನ ಒಳಗಿದ್ದವು, ಹಳದಿಯಾಗಿ ಬತ್ತಿದ್ದವು. “ಇವನ್ನು ಇಲ್ಲೇ ಎಲ್ಲಾದರೂ ಹುಗಿದುಬಿಡುವ. ಅಮ್ಮನಿಗೆ ಹೇಳುದು ಬೇಡ,” ಅಂದ ಮೋನಪ್ಪ. ತಿರುಗಿ ನೋಡಿದರೆ ಕಟ್ಟೆಯ ಹೊರಗೆ ದೇವಕಿ ನಿಂತಿದ್ದಳು. ಅವಳ ಹಿಂದೆ ಏದುಸಿರು ಬಿಡುತ್ತ ಪೂವಮ್ಮ.

“ಎಷ್ಟು ಉಳಿದದ್ದು?” ಅಂದಳು ದೇವಕಿ.

ಮೋನಪ್ಪ ಡಬ್ಬ ತೋರಿಸಿದ. ಅವಳು ಸೆರಗು ಒಡ್ಡಿದಳು. ಮೋನಪ್ಪ ಆ ಮೂರನ್ನೂ ಅವಳ ಸೆರಗಿಗೆ ಹಾಕಿದ. ಪೂವಮ್ಮನ ಬಾಯಿ ತೆರೆಯಿತು, ಏನು ಬರುತ್ತದೆಂದು ನನಗೆ ಗೊತ್ತಿತ್ತು, ನಾನು ಮುಂದೆ ಬಿದ್ದು ಹೇಳಿದೆ: “ಆ ಮೊದಲ ದಿನದ ನನ್ನ ಶಾಖವೇ ಇರಬೇಕಮ್ಮ, ಬೇರೆ ಯಾರದ್ದೂ ಅಲ್ಲ.”

“ಶಾಖ ಹದಿನಾಲ್ಕಕ್ಕೂ ಒಂದೇ ಅಲ್ವಾ?” ಅಂದಳು ದೇವಕಿ. ಜೋರಿನ ದನಿಯಲ್ಲ. “ಒಂದೇ ತಾಯಿ, ಒಂದೇ ಪೆಟ್ಟಿಗೆ, ಒಂದೇ ಸೊಪ್ಪು. ಎಲ್ಲದರಲ್ಲಿಯೂ ಜೀವ ಇತ್ತು, ನಾನು ನೋಡಿದ್ದೇನೆ. ಹನ್ನೊಂದು ಬಂದವು, ಮೂರು ಬರಲಿಲ್ಲ. ಅದರ ತಾಯಿ ಪ್ರಾಣ ಹೋಗುವಾಗಲೂ ಎದ್ದು ಓಡಲಿಲ್ಲ. ಅವಳೆಂತ ತಪ್ಪು ಮಾಡಿದ್ದಳು ಹೇಳಿ ಅತ್ತೆ? ನಾನೆಂತ ಮಾಡಿದ್ದೆ?”

ಪೂವಮ್ಮ ಸೊಸೆಯ ಸೆರಗಿನಲ್ಲಿದ್ದ ಮೂರನ್ನು ನೋಡಿದರು. ಒಂದೊಂದನ್ನೂ ಬೆರಳಿನಿಂದ ಮುಟ್ಟಿದರು. ಇನ್ನೀಗ ಶಾಪದ ಮಾತೇ ಬರುತ್ತದೆಂದು ನಾನು ಹೆದರಿ ನಿಂತಿದ್ದೆ.

“ಇಲ್ಲಿ ಬೇಡ,” ಅಂದರು ಕೊನೆಗೆ. “ಬಾ, ಅವೆರಡರ ಹತ್ತಿರವೇ ಇಡುವ.”

“ಯಾವ ಎರಡು?” ಅಂದಳು ದೇವಕಿ.

ಪೂವಮ್ಮ ಮುಂದೆ ನಡೆದರು. ಗದ್ದೆಯ ಬದುವಿನ ಮೇಲೆ, ಹೊನ್ನೆ ಮರದ ಕೆಳಗೆ, ಅಂಗೈಯಷ್ಟಗಲದ ಎರಡು ಕಲ್ಲುಗಳು ಪಕ್ಕಪಕ್ಕದಲ್ಲಿದ್ದವು. ಸುತ್ತ ಹುಲ್ಲು ಬೆಳೆದಿತ್ತು, ಕಲ್ಲಿನ ಮೇಲೆ ಮಾತ್ರ ಒಂದು ಕಸವೂ ಇರಲಿಲ್ಲ, ಯಾರೋ ಆಗಾಗ ಬಂದು ಗುಡಿಸುತ್ತಿದ್ದರು. ಮೋನಪ್ಪನೂ ಆ ಜಾಗ ನೋಡಿದ್ದು ಅವತ್ತೇ ಮೊದಲು. ಪೂವಮ್ಮ ಕೂತು, ಕೈಯಿಂದಲೇ ಮಣ್ಣು ತೋಡಲು ಶುರುಮಾಡಿದರು. ದೇವಕಿ ನಿಂತೇ ಇದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಅತ್ತೆಯ ಪಕ್ಕ ಕುಳಿತು, “ಯಾವುದು ಮೊದಲಿನದ್ದು?” ಎಂದು ಕೇಳಿದಳು.